ಬೆನ್ನಿನ ಕಡೆ ಗುಂಡಿ

ಉದಕಮಂಡಲದ ಮಾರ್ಕೆಟ್ಟಿನ ಹಿಂದೆ, ಒಂದು ಬೇಕರಿಯ ಮಾಳಿಗೆಯಲ್ಲಿರುವ ಹೊಲಿಗೆ ಶಾಲೆಯಲ್ಲಿ ನಾನು ಕಟಿಂಗ್ ಕಲಿಸುತ್ತೇನೆ. ಅದರ ಜೊತೆಗೆ ಪರೀಕ್ಷೆಗೆಂದು ಒಂದು ಪುಸ್ತಕವನ್ನೂ ಓದಿಸಬೇಕು. ಅದರ ಎಂಟನೇ ಪಾಠ, ಲೋಕದ ಮೇಲೆ ಪ್ರಭಾವ ಬೀರಿದ ವಸ್ತ್ರವಿನ್ಯಾಸಕರು ಮತ್ತು ಅವರವರ ಗುರುತಿನ ಶೈಲಿ. ಹೋದ ವರ್ಷದವರೆಗೆ ನನಗೆ ಅದು ಪ್ರೀತಿಯ ಪಾಠವಾಗಿತ್ತು. ಹೆಂಗಸರ ಸೊಂಟ ಬಿಗಿಯುತ್ತಿದ್ದ ಒಳಕವಚವನ್ನು ಕಿತ್ತೆಸೆದು ಸಡಿಲ ಕೋಟು ತೊಡಿಸಿದವಳು ಒಬ್ಬಳು. ಒಗೆದರೂ ಹಿಂಡಿದರೂ ನೆರಿಗೆ ಹೋಗದ ಬಟ್ಟೆ ಮಾಡಿದವನು ಒಬ್ಬ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಅದು ಮೈಮೇಲೆ ನೀರಿನಂತೆ ಇಳಿಯುತ್ತದೆಂದು ಕಂಡುಕೊಂಡವಳು ಇನ್ನೊಬ್ಬಳು. ಅವಳ ಸರದಿ ಬಂದಾಗ ನಾನು ಹಳೇ ಪಂಚೆಯೊಂದನ್ನು ಓರೆಯಾಗಿ ಕತ್ತರಿಸಿ ಹುಡುಗಿಯರ ಭುಜಕ್ಕೆ ಹಾಕಿ ತೋರಿಸುತ್ತಿದ್ದೆ. ಎಲ್ಲರೂ ಕನ್ನಡಿಯ ಮುಂದೆ ನೂಕಾಡುತ್ತಿದ್ದರು.

ಈ ಜೂನಿನಲ್ಲಿ ಪುಸ್ತಕದ ಹೊಸ ಮುದ್ರಣ ಬಂತು. ಪಾಠದ ಕೊನೆಯಲ್ಲಿ ಹೊಂದಿಸಿ ಬರೆಯಿರಿ ಎಂದು ಒಂದು ಪಟ್ಟಿ ಇರುತ್ತದೆ, ಎಡಕ್ಕೆ ವಿನ್ಯಾಸಕರ ಹೆಸರು, ಬಲಕ್ಕೆ ಅವರ ಶೈಲಿ. ಸೆಲ್ವಿ ಎಂಬ ಹುಡುಗಿ ಎದ್ದು ನಿಂತು ಒಂದೊಂದೇ ಓದುತ್ತಿದ್ದಳು. ಕೊನೆಗೆ ಹೊಸದಾಗಿ ಸೇರಿಸಿದ ಒಂದು ಹೆಸರು ಬಂತು. ಅದರ ಎದುರಿಗೆ, ಬೆನ್ನಿನ ಕಡೆ ಗುಂಡಿಯಿರುವ ಖಾಕಿ ಅಂಗಿ. ಪಕ್ಕದಲ್ಲಿ ಹೆಬ್ಬೆರಳಿನಷ್ಟು ಚಿತ್ರ.

ನನ್ನ ಕೈಯಲ್ಲಿದ್ದ ಚಾಕ್ ಎರಡು ತುಂಡಾಯಿತು. ಸೆಲ್ವಿ ಹೆದರಿ, ಓದಿದ್ದು ತಪ್ಪಾಯಿತಾ ಅಕ್ಕಾ ಎಂದು ಕೇಳಿದಳು. ತಪ್ಪು ನಿನ್ನದಲ್ಲ ಕೂತುಕೋ ಎಂದೆ. ಆ ದಿನ ಮುಂದೆ ಪಾಠ ಮಾಡಲು ನನ್ನಿಂದ ಆಗಲಿಲ್ಲ.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಒಂಬತ್ತು ವರ್ಷದ ಹಿಂದೆ ಒಂದು ಮಳೆಗಾಲವೆಲ್ಲ ನಾನು ಅವನ ಕೆಳಗೆ ಕೆಲಸ ಮಾಡಿದವಳು. ಆಗ ನಾವೆಲ್ಲ ಅವನನ್ನು ಸಾರ್ ಎನ್ನುತ್ತಿದ್ದೆವು. ಈಗ ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ.

ಮೊದಲು ಅಂಗಿಯ ವಿಷಯ ಹೇಳಿಬಿಡುತ್ತೇನೆ. ಅದು ನನ್ನ ದೊಡ್ಡಪ್ಪನದು. ಅವನು ಅವಲಾಂಚಿನ ಅಣೆಕಟ್ಟಿನಲ್ಲಿ ವಿದ್ಯುತ್ ಇಲಾಖೆಯ ಕೆಲಸದಲ್ಲಿದ್ದ. ವಾರಕ್ಕೊಮ್ಮೆ ಕೆತ್ತಿ ಕಣಿವೆಯ ನಮ್ಮ ಹಟ್ಟಿಗೆ ಬಂದರೆ ಒಂದು ಖಾಕಿ ಅಂಗಿ ಒಗೆಯಲು ಬಿಟ್ಟು ಇನ್ನೊಂದು ತೊಟ್ಟು ಹೋಗುತ್ತಿದ್ದ. ಒಂದು ಮಳೆಯಲ್ಲಿ ಜ್ವರ ಹಿಡಿದು, ಅಲ್ಲಿಂದ ಆಸ್ಪತ್ರೆಗೆ ತರುವಷ್ಟರಲ್ಲಿ ತೀರಿಕೊಂಡ. ಮಣ್ಣು ಮಾಡಿದ ಮೇಲೆ ಹಿರಿಯರು ಅವನ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಮನೆಯಿಂದ ಹೊರಗೆ ಹಾಕಿಸಿದರು. ಸತ್ತವರ ಬಟ್ಟೆ ಕಣ್ಣ ಮುಂದೆ ಇರಬಾರದು ಎಂದು. ಒಂದು ಅಂಗಿ ಮಾತ್ರ ಪಕ್ಕದ ಮನೆಯ ನಂಜಿಯಕ್ಕನ ಬೇಲಿಯ ಮೇಲೆ ಒಣಗುತ್ತಿತ್ತು. ಅದು ಯಾರ ಲೆಕ್ಕಕ್ಕೂ ಸಿಗಲಿಲ್ಲ. ಮೂರು ದಿನದ ಮೇಲೆ ನಂಜಿಯಕ್ಕ ಅದನ್ನು ಸೆರಗಿನಲ್ಲಿ ಸುತ್ತಿ ತಂದು ಅವನ ಹೆಂಡತಿಯಾದ ನನ್ನ ದೊಡ್ಡವ್ವೆಯ ಕೈಗೆ ಕೊಟ್ಟಳು.

ದೊಡ್ಡವ್ವೆಯೇ ನನ್ನನ್ನು ಸಾಕಿದವಳು. ನನ್ನ ತಾಯಿ ನನಗೆ ನಾಲ್ಕು ವರ್ಷವಿದ್ದಾಗ ತೀರಿಹೋದಳು. ಗಂಡನ ಮನೆ ನನಗೆ ಸರಿಹೋಗದೆ ಎರಡನೇ ವರ್ಷಕ್ಕೇ ಪೆಟ್ಟಿಗೆ ಹಿಡಿದು ಬಂದಾಗ ಬಾಗಿಲು ತೆರೆದವಳೂ ಅವಳೇ. ಏಕೆ ಬಂದೆ ಎಂದು ಇವತ್ತಿನವರೆಗೆ ಕೇಳಿಲ್ಲ.

ಆ ಅಂಗಿಯನ್ನು ಅವಳು ಪೆಟ್ಟಿಗೆಯಲ್ಲಿ ಇಡಲಿಲ್ಲ. ಸೀರೆಯ ಮೇಲೆ ತೊಟ್ಟು ಚಹಾ ತೋಟಕ್ಕೆ ಹೊರಟಳು. ನಮ್ಮಲ್ಲಿ ಎಲೆ ಕೀಳುವ ಹೆಂಗಸರು ಗಂಡಸರ ಹಳೇ ಅಂಗಿ ತೊಡುವುದು ಹೊಸತೇನಲ್ಲ, ಚಳಿಗೂ ಆಯಿತು, ಗೀಚುವ ಕೊಂಬೆಗೂ ಆಯಿತು. ಮೊದಲ ದಿನವೇ ಚಹಾ ಗಿಡದ ಕೊಂಬೆಗಳು ಎರಡು ಗುಂಡಿ ಕಿತ್ತುಕೊಂಡವು. ದೊಡ್ಡವ್ವೆ ಎಲೆ ಕೀಳುವುದು ಬಿಟ್ಟು ಮಧ್ಯಾಹ್ನವೆಲ್ಲ ಗಿಡದ ಬುಡದಲ್ಲಿ ಮಂಡಿಯೂರಿ, ಒದ್ದೆ ತರಗೆಲೆ ಸರಿಸಿ ಹುಡುಕಿದಳು. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಆ ಜಾಗಕ್ಕೆ ದಿಂಬಿನ ಚೀಲದ ಬಿಳಿ ಗುಂಡಿಯೊಂದನ್ನು ಹೊಲಿದಳು. ಮಾರನೇ ದಿನ ಅಂಗಿಯನ್ನು ಹಿಂದುಮುಂದಾಗಿ ತೊಟ್ಟಳು. ಗುಂಡಿಯೆಲ್ಲ ಬೆನ್ನಿಗೆ. ಇನ್ನು ಯಾವ ಕೊಂಬೆಯೂ ಅವನ ಗುಂಡಿ ಮುಟ್ಟುವಂತಿರಲಿಲ್ಲ.

ಆದರೆ ಬೆನ್ನಿನ ಗುಂಡಿಯನ್ನು ಒಬ್ಬರೇ ಹಾಕಿಕೊಳ್ಳಲಾಗುತ್ತದೆಯೆ? ತೋಟಕ್ಕೆ ಇಳಿಯುವ ತಿರುವಿನಲ್ಲಿ ನಂಜಿಯಕ್ಕ ಹಾಕಿದಳು. ನಕ್ಕಳು, ಹಾಕಿದಳು. ಒಂದು ತಿಂಗಳು ಹೋಗುವಷ್ಟರಲ್ಲಿ ಹಟ್ಟಿಯ ಐದಾರು ಹೆಂಗಸರು ಹಾಗೆಯೇ ತೊಡಲು ಶುರು ಮಾಡಿದರು. ಕಾಲರು ಗಂಟಲ ಮುಂದೆ ಬರುವುದರಿಂದ ಮಂಜು ಎದೆಗೆ ಇಳಿಯುವುದಿಲ್ಲ ಎಂದು ಅವರಿಗೆ ಗೊತ್ತಾಯಿತು. ಬೆಳಿಗ್ಗೆ ಏಳಕ್ಕೆ ಆ ತಿರುವಿನಲ್ಲಿ ಸಾಲಾಗಿ ನಿಂತು, ಒಬ್ಬಳು ಮುಂದಿನವಳ ಬೆನ್ನಿಗೆ, ಅವಳು ಅವಳ ಮುಂದಿನವಳ ಬೆನ್ನಿಗೆ ಗುಂಡಿ ಹಾಕುವುದು. ಎಲ್ಲರ ಹಿಂದಿನವಳಿಗೆ ಎಲ್ಲರ ಮುಂದಿನವಳು ಸುತ್ತಿ ಬಂದು ಹಾಕುತ್ತಾಳೆ. ಹಿಂದುಮುಂದಾಗಿ ತೊಟ್ಟ ಅಂಗಿಯ ಜೇಬೂ ಬೆನ್ನಿಗೆ ಹೋಗುತ್ತದಲ್ಲ. ತೊಟ್ಟವಳ ಕೈಗೆ ಅದು ಎಟುಕುವುದಿಲ್ಲ. ಗುಂಡಿ ಹಾಕಿದವಳು ಆ ಜೇಬಿಗೆ ಒಂದು ಚೂರು ಬೆಲ್ಲ ಬೀಳಿಸುವಳು. ಹತ್ತು ಗಂಟೆಯ ಕಾಫಿಯ ಹೊತ್ತಿಗೆ ಅವಳೇ ತೆಗೆದು ಕೊಡಬೇಕು. ಹಿಂದಿನ ದಿನ ಜಗಳವಾಗಿದ್ದರೆ ಬೆಲ್ಲ ಇಲ್ಲ. ಹಟ್ಟಿಯಲ್ಲಿ ಯಾರಿಗೆ ಯಾರ ಮೇಲೆ ಮುನಿಸೆಂದು ಹತ್ತು ಗಂಟೆಗೆ ಎಲ್ಲರಿಗೂ ತಿಳಿದುಹೋಗುತ್ತಿತ್ತು.

ಇದನ್ನೇ ಆ ಹೆಸರಿನವನು ನೋಡಿದ್ದು.

ಆ ವರ್ಷ ಸೀಸನ್ ಮುಗಿದು ಪ್ರವಾಸಿಗರೆಲ್ಲ ಇಳಿದುಹೋದ ಮೇಲೆ, ಜೂನಿನಲ್ಲಿ, ಅವನು ಕೂನೂರಿನ ಮೇಲಿನ ಒಂದು ಹಳೇ ಬಂಗಲೆಯನ್ನು ಬಾಡಿಗೆಗೆ ಹಿಡಿದ. ಮುಂದಿನ ವರ್ಷದ ಬಟ್ಟೆಗಳನ್ನು ಇಲ್ಲೇ ಕೂತು ತಯಾರಿಸುತ್ತಾನಂತೆ ಎಂದು ಸುದ್ದಿ ಹಬ್ಬಿತು. ಎಂಟು ಮಿಷನ್ನು, ಒಂದು ಉದ್ದನೆಯ ಕಟಿಂಗ್ ಮೇಜು, ಬಾಂಬೆಯಿಂದ ಬಂದ ಇಬ್ಬರು ಸಹಾಯಕರು. ಕೂನೂರಿನಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ ಇತ್ತು. ನಾನು ಹೊಲಿದ ಒಂದು ಜಾಕೀಟನ್ನು ಯಾರೋ ತೊಟ್ಟಿದ್ದು ನೋಡಿ ಕರೆಸಿದ. ಕಾಗದದ ಮೇಲೆ ಒಂದು ತೋಳು ಬಿಡಿಸಿ ಇದನ್ನು ಕತ್ತರಿಸು ಎಂದ. ಕತ್ತರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, ನಾಳೆಯಿಂದ ನೀನೇ ಕಟಿಂಗ್ ಮಾಸ್ಟರ್ ಎಂದ.

ಮಾಸ್ಟರ್! ಹದಿನೈದು ವರ್ಷ ಅಂಗಡಿ ಇಟ್ಟರೂ ಆ ಊರಿನಲ್ಲಿ ನನ್ನನ್ನು ಹಾಗೆಂದವರು ಇರಲಿಲ್ಲ. ಮಾಸ್ಟರ್ ಎಂದರೆ ಗಂಡಸು, ಕಿವಿಯ ಮೇಲೆ ಪೆನ್ಸಿಲ್, ಕೊರಳಲ್ಲಿ ಟೇಪು. ನಾನು ಬರೀ ಜಾಕೀಟು ಹೊಲಿಯುವ ಅಕ್ಕ. ಅವನು ಎಲ್ಲರೆದುರು ಮಾಸ್ಟರ್ ಎಂದು ಕೂಗಿದಾಗೆಲ್ಲ ನನ್ನ ಬೆನ್ನು ಒಂದು ಅಂಗುಲ ನೆಟ್ಟಗಾಗುತ್ತಿತ್ತು. ಹೊಗಳಿ ಅಟ್ಟಕ್ಕೇರಿಸುತ್ತಾರೆ ಎನ್ನುತ್ತಾರಲ್ಲ, ನಾನು ಹಾಗೆ ಹತ್ತಿ ಕೂತೆ. ಕೆಳಗೆ ಯಾರು ಏಣಿ ತೆಗೆಯುತ್ತಿದ್ದಾರೆಂದು ನೋಡಲಿಲ್ಲ.

ಜುಲೈ ಪೂರ್ತಿ ಜಿಟಿಜಿಟಿ ಮಳೆ, ಮಂಜು. ಬಂಗಲೆಯೊಳಗೂ ಬಟ್ಟೆ ಸದಾ ತೇವ. ಕತ್ತರಿಸುವ ಮೊದಲು ಒಂದೊಂದು ಥಾನನ್ನೂ ಇಸ್ತ್ರಿಯಿಂದ ಒಣಗಿಸಬೇಕಿತ್ತು. ಅವನಿಗೆ ಏನೂ ಹೊಳೆಯುತ್ತಿರಲಿಲ್ಲ. ನಲವತ್ತು ಚಿತ್ರ ಬರೆದು ನಲವತ್ತನ್ನೂ ಒಲೆಗೆ ಹಾಕಿದ. ಒಂದು ಬೆಳಿಗ್ಗೆ ಅವನಿಗೆ ಊಟಿಗೆ ಹೋಗುವುದಿತ್ತು, ಕೆತ್ತಿಯ ಮೇಲೆ ಹಾದುಹೋಗುವಾಗ ನನ್ನನ್ನೂ ಕಾರಿನಲ್ಲಿ ಹತ್ತಿಸಿಕೊಳ್ಳುತ್ತೇನೆಂದ. ನಾನು ತಿರುವಿನಲ್ಲೇ ಕಾಯುತ್ತಿದ್ದೆ. ನನ್ನ ಪಕ್ಕದಲ್ಲೇ ಹೆಂಗಸರ ಸಾಲು ನಿಂತಿತ್ತು. ಕಾರು ನಿಂತಿತು, ಅವನು ಇಳಿದ, ಮಳೆಯಲ್ಲಿ ನೆನೆಯುತ್ತ ನಿಂತೇಬಿಟ್ಟ. ಊಟಿಗೆ ಹೋಗಲೇ ಇಲ್ಲ.

ಬಂಗಲೆಗೆ ವಾಪಸು ಹೋಗುವಾಗ ಕಾರಿನಲ್ಲಿ ನಾನು ಎಲ್ಲವನ್ನೂ ಹೇಳಿದೆ. ದೊಡ್ಡಪ್ಪನ ಸಾವು, ಬೇಲಿಯ ಮೇಲಿನ ಅಂಗಿ, ಕಳೆದ ಗುಂಡಿ, ಬೆಲ್ಲ. ಅವನು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ. ಅವನ ಕಣ್ಣೀರು ಸುಳ್ಳೆಂದು ನಾನು ಈಗಲೂ ಹೇಳಲಾರೆ. ಅದೇ ನನಗೆ ಹೆಚ್ಚು ಸಿಟ್ಟು ತರಿಸುವುದು. ಅತ್ತೂ ಮಾಡಿದನಲ್ಲ!

ಆಗಸ್ಟಿನಲ್ಲಿ ಆ ಅಂಗಿ ಬೇಕೆಂದ. ಒಂದೇ ವಾರ, ನೋಡಿ ಕೊಡುತ್ತೇನೆ. ದೊಡ್ಡವ್ವೆಯನ್ನು ಒಪ್ಪಿಸಲು ನನಗೆ ಮೂರು ಸಂಜೆ ಬೇಕಾಯಿತು. ಅಂಥ ದೊಡ್ಡ ಮನುಷ್ಯ ನಮ್ಮ ಅಂಗಿ ಕೇಳುತ್ತಿದ್ದಾನೆ, ನಾನೇ ತೆಗೆದುಕೊಂಡು ಹೋಗಿ ನಾನೇ ತರುತ್ತೇನೆ, ನನ್ನ ಕೆಲಸದ ಪ್ರಶ್ನೆ ಎಂದೆಲ್ಲ ಹೇಳಿದೆ. ಕೊನೆಯ ಮಾತಿಗೆ ಅವಳು ಸೋತಳು. ಅಂಗಿಯನ್ನು ಒಗೆದು, ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿ, ಮಡಿಸಿ ಕೊಟ್ಟಳು.

"ಗುಂಡಿ ಜೋಪಾನ, ಕೂಸು" ಎಂದಳು.

ಮುಂದಿನದನ್ನು ಬರೆಯಲು ನನ್ನ ಕೈಯೇ ನನಗೆ ಹೇಸುತ್ತದೆ. ತೊಟ್ಟು ಹಳೆಯದಾದ ಬಟ್ಟೆಯ ಅಳತೆ ತೆಗೆಯಲು ಎರಡು ದಾರಿ ಇವೆ. ಅದನ್ನು ಕಾಗದದ ಮೇಲೆ ಹಾಸಿ, ಹೊಲಿಗೆಯ ಉದ್ದಕ್ಕೂ ಗುಂಡುಸೂಜಿ ಚುಚ್ಚಿ ಗುರುತು ಮಾಡಿಕೊಳ್ಳುವುದು ಒಂದು. ಬಟ್ಟೆಗೆ ಏನೂ ಆಗುವುದಿಲ್ಲ, ಅಳತೆ ಕಾಲಂಗುಲ ಆಚೀಚೆ ಆಗಬಹುದು ಅಷ್ಟೆ. ಇನ್ನೊಂದು, ಹೊಲಿಗೆಯನ್ನೆಲ್ಲ ಬಿಚ್ಚಿ ತುಂಡು ತುಂಡಾಗಿ ಹಾಸುವುದು. ಆಗ ಮೊಣಕೈ ಎಲ್ಲಿ ಜಗ್ಗಿದೆ, ಭುಜ ಎಷ್ಟು ಇಳಿದಿದೆ, ತೊಟ್ಟವರ ಮೈ ಬಟ್ಟೆಯಲ್ಲಿ ಎಲ್ಲೆಲ್ಲಿ ಕೂತಿದೆ ಎಂಬುದೆಲ್ಲ ಕಾಣುತ್ತದೆ. ಅವನು ಅಂಗಿಯನ್ನು ಎತ್ತಿ ಹಿಡಿದು, ಇದರ ಭುಜ ಹೀಗೆ ಹೇಗೆ ಬಂತು ಎಂದು ತನಗೆ ತಾನೇ ಕೇಳಿಕೊಂಡ. ಬಿಚ್ಚು ಎಂದು ಅವನು ಹೇಳಲಿಲ್ಲ. ನಾನೇ ಹೇಳಿದೆ. "ಬಿಚ್ಚಿದರೆ ಎಲ್ಲ ತಿಳಿಯುತ್ತೆ ಸಾರ್. ಮತ್ತೆ ಹೊಲಿದರೆ ದೇವರಿಗೂ ಗೊತ್ತಾಗಲ್ಲ."

ವಿದ್ಯೆಯ ಸೊಕ್ಕು. ಅರ್ಧ ಬ್ಲೇಡು ಹಿಡಿದು ಒಂದು ಮಧ್ಯಾಹ್ನ ಕೂತೆ. ಮೊದಲು ಗುಂಡಿ ತೆಗೆಯುವುದು ಪದ್ಧತಿ. ಆರು ಕಂದು, ಒಂದು ಬಿಳಿ, ಏಳನ್ನೂ ನನ್ನ ಪೆಪ್ಪರ್‌ಮಿಂಟ್ ಡಬ್ಬಿಗೆ ಹಾಕಿಕೊಂಡೆ. ಆಮೇಲೆ ಕಾಲರು, ತೋಳು, ಪಕ್ಕೆ. ಎಡಗಂಕುಳ ಕೆಳಗೆ, ಎಲೆಯ ಚೀಲದ ಪಟ್ಟಿ ಉಜ್ಜಿ ಹರಿದ ಕಡೆ, ದೊಡ್ಡವ್ವೆ ದಬ್ಬಣದಲ್ಲಿ ಗೋಣಿದಾರ ಪೋಣಿಸಿ ಹಾಕಿದ ಹೊಲಿಗೆ ಇತ್ತು. ಅದನ್ನೂ ಬಿಚ್ಚಿದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಿಚ್ಚಿದೆ, ಒಂದು ಎಳೆ ಹರಿಯಲಿಲ್ಲ. ಕಾಲರಿನ ಒಳಮಡಿಕೆಯಲ್ಲಿ ಬಣ್ಣ ಮಾಸದೆ ಹೊಸ ಖಾಕಿಯೇ ಉಳಿದಿತ್ತು. ಬಾಂಬೆಯವರಿಬ್ಬರೂ ಸುತ್ತ ನಿಂತು ಆಹಾ ಎಂದರು. ನಾನು ಹಿಗ್ಗಿದೆ.

ತುಂಡುಗಳನ್ನು ಅವನು ಒಂದು ದೊಡ್ಡ ಹಲಗೆಗೆ ಪಿನ್ನು ಹಾಕಿ ಸಿಕ್ಕಿಸಿದ. ವಾರ ಕಳೆಯಿತು. ಹೊಲಿದುಕೊಡಲಾ ಎಂದು ಕೇಳಿದೆ. ಫೋಟೊ ಆಗಲಿ ಎಂದ. ಆಮೇಲೆ, ಬಾಂಬೆಯ ವ್ಯಾಪಾರಿಗಳು ಬಂದು ನೋಡಲಿ ಎಂದ. ಅಷ್ಟರಲ್ಲಿ ನನಗೆ ಹೊಸ ಕೆಲಸ ಕೊಟ್ಟಿದ್ದ, ಆ ಅಂಗಿಯ ತದ್ರೂಪು ಮಾಡಬೇಕು. ಹೊಸ ಖಾಕಿಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿದೆ, ಮೊಣಕೈಯನ್ನು ಇಟ್ಟಿಗೆ ಚೂರಿನಿಂದ ಉಜ್ಜಿದೆ, ಕಂಕುಳ ಕೆಳಗೆ ಬಿಳಿ ದಾರದ ದಪ್ಪ ಹೊಲಿಗೆ ಹಾಕಿದೆ. ಜೇಬಿನ ಬಾಯಿ ಹೊಲಿದುಬಿಡು ಎಂದ. ಬೆನ್ನ ಮೇಲಿನ ಜೇಬಿಗೆ ಯಾರು ಕೈ ಹಾಕುತ್ತಾರೆ? ಯಾರು ಹಾಕುತ್ತಾರೆಂದು ಅವನಿಗೆ ಹೇಳಿದ್ದೆನಲ್ಲ, ಕಾರಿನಲ್ಲಿ! ಮರೆತಿದ್ದ. ನಾನು ನೆನಪಿಸಲಿಲ್ಲ. ಸರಿ ಸಾರ್ ಎಂದು ಹೊಲಿದೆ.

ಅಕ್ಟೋಬರಿನಲ್ಲಿ ದೊಡ್ಡ ಮಳೆ ಹಿಡಿಯಿತು. ಮೇಟುಪಾಳಯದ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆಯೂ ಇಲ್ಲ, ರೈಲೂ ಇಲ್ಲ. ಅವನು ಸಹಾಯಕರ ಜೊತೆ ಕೊಯಮತ್ತೂರಿನಲ್ಲಿ ಸಿಕ್ಕಿಕೊಂಡ. ಹತ್ತು ದಿನ ಬಂಗಲೆಯಲ್ಲಿ ನಾವು ಸ್ಥಳೀಯರು ಮಾತ್ರ. ಹಲಗೆ ಅಲ್ಲೇ ಗೋಡೆಗೆ ಒರಗಿತ್ತು, ಕೀಲಿ ಇರಲಿಲ್ಲ, ತಡೆಯುವವರಿರಲಿಲ್ಲ. ಪಿನ್ನು ಕಿತ್ತು, ಎರಡು ಗಂಟೆ ಮಿಷನ್ನಿನ ಮುಂದೆ ಕೂತಿದ್ದರೆ ಸಾಕಿತ್ತು. ಅಂಗಿ ಮನೆಗೆ ಹೋಗುತ್ತಿತ್ತು. ಹತ್ತು ದಿನವೂ ನಾನು ಅದರ ಮುಂದೆ ಹಾದುಹೋದೆ. ಅವನು ಬಂದು ಬೈದರೆ? ಮಾಸ್ಟರ್ ಎನ್ನುವುದು ನಿಲ್ಲಿಸಿದರೆ? ಅಷ್ಟೇ ಇದ್ದದ್ದು ನನ್ನ ಭಯ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ದೊಡ್ಡವರು ಸುಮ್ಮನೆ ಹೇಳಿದ್ದಲ್ಲ.

ಡಿಸೆಂಬರಿನಲ್ಲಿ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿದ ವಾರ. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬಂಗಲೆಯ ಕಾವಲುಗಾರ ಖಾಲಿ ಹಜಾರವನ್ನು ಗುಡಿಸುತ್ತಿದ್ದ. ಹಿಂದಿನ ದಿನ ಭಾನುವಾರ ಲಾರಿ ಬಂದು ಎಲ್ಲ ಹೇರಿಕೊಂಡು ಹೋಯಿತಂತೆ. ಹಲಗೆ ಇಲ್ಲ, ಮೇಜಿಲ್ಲ. ನನ್ನ ಕತ್ತರಿಯನ್ನು ಕಿಟಕಿಯ ಮೇಲೆ ಇಟ್ಟುಹೋಗಿದ್ದರು, ಒಂದು ಧನ್ಯವಾದದ ಕಾರ್ಡಿನ ಜೊತೆ. ಫೋನು ಮಾಡಿದೆ. ಸಹಾಯಕರು ಎತ್ತಿದರು, ಹುಡುಕಿ ಕಳಿಸುತ್ತೇವೆ ಎಂದರು. ಇನ್ನೊಮ್ಮೆ ಮಾಡಿದಾಗ ಯಾವ ಅಂಗಿ ಎಂದು ಕೇಳಿದರು. ಮೂರನೇ ಸಲ ನಂಬರೇ ಹೋಗಲಿಲ್ಲ.

ದೊಡ್ಡವ್ವೆಗೆ ಸುಳ್ಳು ಹೇಳಿದೆ. ಅಂಗಿ ಬಾಂಬೆಗೆ ಫೋಟೊಕ್ಕೆ ಹೋಗಿದೆ, ಇಡಿಯಾಗಿ ಜೋಪಾನವಾಗಿದೆ, ಬರುತ್ತದೆ ಎಂದೆ. ಬಿಚ್ಚಿದ್ದನ್ನು ಹೇಳಲಿಲ್ಲ. ಅವಳು ನಂಜಿಯಕ್ಕನ ಗಂಡನ ಚೌಕಳಿ ಅಂಗಿ ತೊಟ್ಟು ತೋಟಕ್ಕೆ ಹೋದಳು. ಒಂದೆರಡು ವರ್ಷ ಮಳೆ ಹಿಡಿದಾಗೆಲ್ಲ, ಬಂತಾ ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದು ಬಿಟ್ಟಳು. ಪೆಪ್ಪರ್‌ಮಿಂಟ್ ಡಬ್ಬಿ ನನ್ನ ಮಿಷನ್ನಿನ ಖಾನೆಯಲ್ಲೇ ಇತ್ತು. ಗುಂಡಿ ಕೊಟ್ಟರೆ ಅಂಗಿ ಬಿಚ್ಚಿದ ಕತೆ ಹೇಳಬೇಕಾಗುತ್ತಿತ್ತು. ಕೂನೂರಿನ ಅಂಗಡಿ ಮುಚ್ಚಿ ಊಟಿಯ ಶಾಲೆಗೆ ಸೇರಿದೆ. ಅವನ ಹೆಸರು ಪತ್ರಿಕೆಗಳಲ್ಲಿ ದೊಡ್ಡದಾಗುತ್ತ ಹೋಯಿತು. ಒಂದರಲ್ಲಿ ಅವನ ಮಾತು ಹಾಕಿದ್ದರು: ಇದು ಒಬ್ಬರೇ ತೊಡಲಾಗದ ಅಂಗಿ, ಈ ಕಾಲದ ಒಂಟಿತನದ ಬಗ್ಗೆ ನಾನು ಕಂಡ ಕನಸು. ಥೂ! ಒಂಟಿತನವಂತೆ. ಏಳು ಜನ ಹೆಂಗಸರು ಒಬ್ಬರ ಬೆನ್ನಿಗೊಬ್ಬರು ನಿಂತಿದ್ದನ್ನು ಕಣ್ಣಾರೆ ಕಂಡವನು ಹೇಳಿದ ಮಾತು ಅದು.

ಸೆಲ್ವಿ ಆ ಪಟ್ಟಿ ಓದಿದ ತಿಂಗಳಿಗೇ ಇನ್ನೊಂದು ಸುದ್ದಿ ಬಂತು. ಕೂನೂರಿನ ಆ ಬಂಗಲೆ ಈಗ ಹೋಟೆಲು. ಅದರ ಹಜಾರದಲ್ಲಿ ಅವನ ಬಟ್ಟೆಗಳ ಪ್ರದರ್ಶನವಂತೆ, ಹೊಲಿಗೆ ಶಾಲೆಯವರಿಗೆ ಪ್ರವೇಶವಂತೆ. ಹುಡುಗಿಯರನ್ನು ವ್ಯಾನಿನಲ್ಲಿ ಕರೆದೊಯ್ಯುವುದು ನನ್ನ ಪಾಲಿಗೆ ಬಿತ್ತು. ಹಿಂದಿನ ಸಂಜೆ ದೊಡ್ಡವ್ವೆಗೆ ಹೇಳಿದೆ, ಅಂಗಿ ಅಲ್ಲಿ ಇಟ್ಟಿದ್ದಾರಂತೆ ಎಂದು. ತುಂಡುಗಳನ್ನು ಯಾರಿಂದಲೋ ಹೊಲಿಸಿರಬೇಕು ಎಂದುಕೊಂಡಿದ್ದೆ. ಅವಳು ಬೆಳಿಗ್ಗೆ ಬಿಳಿಯ ತಲೆವಸ್ತ್ರ ಕಟ್ಟಿ, ಹಬ್ಬಕ್ಕೆ ಉಡುವ ಬಿಳಿಯ ಮುಂಡು ಉಟ್ಟು ನನ್ನ ಜೊತೆ ಊಟಿಗೆ ಬಂದು ಹುಡುಗಿಯರಿಗಿಂತ ಮೊದಲು ವ್ಯಾನ್ ಹತ್ತಿ ಕೂತಿದ್ದಳು.

ಹಜಾರದ ನಡುವೆ, ನನ್ನ ಕಟಿಂಗ್ ಮೇಜು ಇದ್ದ ಜಾಗದಲ್ಲೇ, ಒಂದು ಮರದ ಬೊಂಬೆಗೆ ಖಾಕಿ ಅಂಗಿ ತೊಡಿಸಿದ್ದರು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಫಲಕ. ಚಹಾ ತೋಟವೊಂದರಲ್ಲಿ ಸಿಕ್ಕಿದ ಅನಾಮಿಕ ಅಂಗಿ, ಎಲ್ಲವೂ ಇಲ್ಲಿಂದ ಶುರುವಾಯಿತು. ಸಿಕ್ಕಿದ್ದಂತೆ! ಬೀದಿಯಲ್ಲಿ ಬಿದ್ದಿತ್ತೆ? ಮೂರು ಸಂಜೆ ಗೋಗರೆದು ತಂದವಳು ನಾನು. ಏನೆಂದು ಬರೆದಿದೆ ಎಂದು ದೊಡ್ಡವ್ವೆ ಕೇಳಿದಳು. ಹೇಳಿದೆ. ಅವಳು ಬೊಂಬೆಯ ಹಿಂದಕ್ಕೆ ಹೋದಳು, ಕಾವಲಿನವನು ಮುಟ್ಟಬೇಡಿ ಎನ್ನುವಷ್ಟರಲ್ಲಿ ಬೆನ್ನಿನ ಜೇಬಿಗೆ ಎರಡು ಬೆರಳು ಇಟ್ಟಳು. ಬೆರಳು ಒಳಗೆ ಹೋಗಲಿಲ್ಲ. ಇನ್ನೊಮ್ಮೆ ಒತ್ತಿ ನೋಡಿದಳು. ಆಮೇಲೆ ತೋಳನ್ನೆತ್ತಿ ಕಂಕುಳ ಕೆಳಗಿನ ಬಿಳಿ ದಾರವನ್ನು ನೋಡಿದಳು, ನನ್ನನ್ನು ನೋಡಿದಳು.

"ಇದು ನಿನ್ನ ದೊಡ್ಡಪ್ಪನದ್ದಲ್ಲ" ಎಂದಳು. "ಇದು ನೀ ಹೊಲ್ದದ್ದು."

ನನಗೂ ಆಗಲೇ ಗೊತ್ತಾಗಿದ್ದು. ಕಾಲರಿನ ತುದಿಯ ತಿರುವು ನನ್ನದು, ಗುಂಡಿ ತೂರುವ ಕಾಜ ನನ್ನದು. ಅವರಿಗೆ ತದ್ರೂಪು ಯಾವುದು ಮೂಲ ಯಾವುದು ಎಂಬುದೂ ಗೊತ್ತಿಲ್ಲ. ಹಲಗೆಯ ಮೇಲಿನ ತುಂಡುಗಳು ಯಾವ ಲಾರಿಯ ಎಣ್ಣೆ ಒರೆಸಿದವೋ, ಯಾವ ಕಸದ ತೊಟ್ಟಿಗೆ ಬಿದ್ದವೋ. ನನಗೆ ತಲೆ ಕೆಟ್ಟಿತು. ಕೂಗಾಡಿದೆ. ನನ್ನ ಹುಡುಗಿಯರೆಲ್ಲ ಗೋಡೆಗೆ ಒತ್ತಿಕೊಂಡು ನಿಂತರು. ಹೋಟೆಲಿನ ಮ್ಯಾನೇಜರ್, ಒಬ್ಬ ಹೆಂಗಸು, ಓಡಿ ಬಂದಳು. ಈ ಫಲಕ ಸುಳ್ಳು, ಈ ಅಂಗಿ ಹೊಲಿದದ್ದು ನಾನು, ಆ ಅಂಗಿಯ ಒಡತಿ ಇಲ್ಲಿ ನಿಂತಿದ್ದಾಳೆ ಎಂದೆ. ಅವಳ ಮುಖ ಅರಳಿತು. ಹೌದಾ, ಹಾಗಾದರೆ ನೀವಿಬ್ಬರೂ ಅಂಗಿಯ ಪಕ್ಕ ನಿಲ್ಲುತ್ತೀರಾ, ಒಂದು ಫೋಟೊ ತೆಗೆಯುತ್ತೇನೆ ಎಂದಳು. ನಾನು ಏನೆಂದೆನೋ ನೆನಪಿಲ್ಲ, ಒಳ್ಳೆಯ ಮಾತಂತೂ ಆಡಿರಲಾರೆ. ಮೇಲಿನವರಿಗೆ ಬರೆಯುತ್ತೇನೆ ಎಂದಳು. ಫಲಕ ಈಗಲೂ ಹಾಗೇ ಇದೆ, ಹೋದ ವಾರ ಹೋಗಿ ನೋಡಿ ಬಂದೆ.

ವಾಪಸು ಬರುವಾಗ ನಮ್ಮ ತಿರುವಿನಲ್ಲಿ ಇಬ್ಬರೂ ಇಳಿದೆವು. ವ್ಯಾನ್ ಹೋದ ಮೇಲೆ, ಅಂಗಿ ಎಲ್ಲಿ ಎಂದು ಕೇಳಿದಳು. ಅಲ್ಲೇ ರಸ್ತೆಯ ಬದಿಯಲ್ಲಿ ನಿಂತು ಹೇಳಿದೆ. ಬ್ಲೇಡು, ಹಲಗೆ, ಹತ್ತು ದಿನದ ಮಳೆ, ಜೇಬಿನ ಬಾಯಿ, ಎಲ್ಲ. ಮನೆಗೆ ಹೋಗಿ ಪೆಪ್ಪರ್‌ಮಿಂಟ್ ಡಬ್ಬಿ ತಂದು ಅವಳ ಮುಂದೆ ಇಟ್ಟೆ. ಅವಳು ಮುಚ್ಚಳ ತೆಗೆದು ಒಂದೊಂದೇ ಗುಂಡಿಯನ್ನು ಮಡಿಲಿಗೆ ಹಾಕಿಕೊಂಡಳು. ಬಿಳಿಯದನ್ನು ಮಾತ್ರ ಬೆರಳಲ್ಲಿ ಹಿಡಿದುಕೊಂಡಳು.

"ಗುಂಡಿ ಜೋಪಾನ ಅಂದೆ" ಎಂದಳು. "ಗುಂಡಿ ಮಾತ್ರ ಜೋಪಾನ ಮಾಡಿದೆ ನೀ."

ಬೈದಿದ್ದರೆ ಚೆನ್ನಾಗಿತ್ತು. ಹೊಡೆದಿದ್ದರೂ ಆಗುತ್ತಿತ್ತು. ಅವನು ಹೊರಗಿನವನು, ಕದ್ದ. ಮನೆಯೊಳಗಿಂದ ತೆಗೆದುಕೊಟ್ಟವಳು ನೀನು ಎಂದು ಅವಳು ಹೇಳಲಿಲ್ಲ, ನಾನೇ ಹೇಳಿಕೊಂಡೆ. ಮಾರನೇ ದಿನ ಅವಳು ಸೂಜಿ, ದಾರ ತೆಗೆದು ಕೂತು ಏಳು ಗುಂಡಿಗಳನ್ನೂ ಚೌಕಳಿ ಅಂಗಿಗೆ ತಾನೇ ಹೊಲಿದಳು. ಮನೆಯಲ್ಲಿ ಎರಡು ಮಿಷನ್ನು ಇವೆ, ಕಟಿಂಗ್ 'ಮಾಸ್ಟರ್' ಇದ್ದಾಳೆ. ಸೂಜಿಗೆ ದಾರ ಪೋಣಿಸಲು ಸಹ ನನ್ನನ್ನು ಕರೆಯಲಿಲ್ಲ.

ಶನಿವಾರ ಶಾಲೆ ಇಲ್ಲ, ನಾನೂ ಎಲೆ ಕೀಳಲು ಹೋಗುತ್ತೇನೆ. ನಂಜಿಯಕ್ಕನಿಗೆ ಕೀಲುನೋವು ಶುರುವಾಗಿ ಬೆರಳು ಬಗ್ಗದಾದ ಮೇಲೆ ಶನಿವಾರ ದೊಡ್ಡವ್ವೆಯ ಹಿಂದೆ ನಿಲ್ಲುವ ಜಾಗ ನನ್ನದಾಗಿತ್ತು. ಆ ಶನಿವಾರ ಅವಳು ನನ್ನನ್ನು ದಾಟಿ ಹೋಗಿ, ಬೆರಳು ಬಗ್ಗದ ನಂಜಿಯಕ್ಕನ ಮುಂದೆಯೇ ಬೆನ್ನು ಮಾಡಿ ನಿಂತಳು. ನಂಜಿಯಕ್ಕ ಒಂದೊಂದು ಗುಂಡಿಗೂ ತಿಣುಕಿದಳು. ಸಾಲಿನವರೆಲ್ಲ ಕಾದರು. ಎಲ್ಲರಿಗೂ ತಿಳಿಯಿತು. ಹೀಗೆ ಎಂಟು ಶನಿವಾರ.

ಎಂಟನೇ ಪಾಠವನ್ನು ನಾನು ಕೊನೆಗೂ ಮಾಡಿದೆ. ಆ ಕೊನೆಯ ಹೆಸರಿನ ಎದುರು ಏನನ್ನು ಹೊಂದಿಸಬೇಕು ಅಕ್ಕಾ ಎಂದು ಸೆಲ್ವಿ ಕೇಳಿದಳು. ಪರೀಕ್ಷೆಯಲ್ಲಿ ಅಂಕ ಬೇಕಿದ್ದರೆ ಪುಸ್ತಕದಲ್ಲಿದ್ದ ಹಾಗೆ ಬರಿ, ಆದರೆ ನಮ್ಮ ಹಟ್ಟಿಯ ಮಾದಿ ಎಂಬ ಹೆಂಗಸು ಗುಂಡಿ ಕಳೆದೀತೆಂದು ಅಂಗಿ ತಿರುಗಿಸಿ ತೊಟ್ಟದ್ದು ಎಂದು ನೆನಪಿಟ್ಟುಕೋ ಎಂದೆ. ಮಾದಿ ಎಂಬುದು ದೊಡ್ಡವ್ವೆಯ ಹೆಸರು. ಹುಡುಗಿಯರು ಪುಸ್ತಕದಲ್ಲೇ ಅದನ್ನು ಪೆನ್ನಿನಿಂದ ಬರೆದುಕೊಂಡರು. ಬರೆದರೆ ಬರೆಯಲಿ. ಅದರಿಂದ ನನ್ನ ಉರಿ ಆರಲಿಲ್ಲ.

ಮೊನ್ನೆ ಒಂಬತ್ತನೇ ಶನಿವಾರ. ಮಂಜು ದಟ್ಟವಾಗಿತ್ತು, ತಿರುವಿನಲ್ಲಿ ಎದುರಿನವರ ಮುಖ ಕಾಣುತ್ತಿರಲಿಲ್ಲ. ನಾನು ಸಾಲಿನ ಕೊನೆಯಲ್ಲಿ, ಒಂದು ಮಾರು ದೂರ, ಈಚೀಚೆಗೆ ನಿಲ್ಲುವ ಕಡೆಯೇ ನಿಂತಿದ್ದೆ. ಯಾರೋ ಬಂದು ನನ್ನ ಮುಂದೆ ಬೆನ್ನು ಮಾಡಿ ನಿಂತರು. ಚೌಕಳಿ ಅಂಗಿ, ಆರು ಕಂದು ಗುಂಡಿ, ಒಂದು ಬಿಳಿ. ನನ್ನ ಕೈ ಮೇಲೇಳಲಿಲ್ಲ. ದೊಡ್ಡವ್ವೆ ತಿರುಗಿ ನೋಡದೆ ಹೇಳಿದಳು:

"ಅವಂಗ ಕ್ಷಮೆ ಇಲ್ಲೆ. ನಿನಗೂ ಇಲ್ಲೆ. ಗುಂಡಿ ಹಾಕು, ಹೊತ್ತಾತು."